ಕಾರಿನೊಳಗಿನ ಕ್ಯೋಟೊ

ಅಕ್ಟೋಬರ್ 7, 1989, ಶನಿವಾರ

ಈ ಡೈರಿ ನನ್ನದಲ್ಲ, ಇವರದು. ಪ್ರತಿ ವರ್ಷ ಇವರ ಕಂಪನಿಯವರು ಜಪಾನಿನಿಂದ ತರಿಸಿ ಕೊಡುತ್ತಿದ್ದ ನೀಲಿ ರಟ್ಟಿನ ಡೈರಿ. ಫೆಬ್ರವರಿ ಹದಿನಾರರವರೆಗೆ ಇವರ ಕೈಬರಹ ಇದೆ: ಮೀಟಿಂಗು, ಹಲ್ಲಿನ ಡಾಕ್ಟರು, ಮಂಜರಿಯ ಫೀಲ್ಡ್ ಟ್ರಿಪ್. ಆಮೇಲೆ ಖಾಲಿ. ಅಷ್ಟು ಒಳ್ಳೆಯ ಹಾಳೆ ದಂಡವಾಗುವುದು ಬೇಡ ಎಂದು ಬರೆಯುತ್ತಿದ್ದೇನೆ, ಬೇರೆ ಕಾರಣವೇನಿಲ್ಲ.

ಲೈಸೆನ್ಸ್ ಸಿಕ್ಕಿ ನಾಲ್ಕು ದಿನವಾಯಿತು. ನಲವತ್ತೈದನೇ ವಯಸ್ಸಿನಲ್ಲಿ, ಮೂರನೇ ಪ್ರಯತ್ನಕ್ಕೆ. ಕೆಂಡಲ್ ಪಾರ್ಕಿನಂಥ ಈ ಊರಿನಲ್ಲಿ ಕಾರಿಲ್ಲದೆ ಹಾಲೂ ತರಲಾಗುವುದಿಲ್ಲ. ಇವತ್ತು ಧೈರ್ಯ ಮಾಡಿ ಗ್ಯಾರೇಜಿನ ಬಾಗಿಲು ಎತ್ತಿದೆ. ಟ್ರಕ್ಕಿನವರು ಎಳೆದು ತಂದು ಬಿಟ್ಟ ಇವರ ಕಾರು ಎಂಟು ತಿಂಗಳಿಂದ ಅಲ್ಲೇ ನಿಂತಿತ್ತು. ನಾಲ್ಕು ಮನೆ ಆಚೆ ಇರುವ ಶೀನ ನಿನ್ನೆ ಬಂದು ಬ್ಯಾಟರಿ ಬದಲಾಯಿಸಿ ಹೋಗಿದ್ದರು, ಕೀಲಿ ತಿರುಗಿಸಿ ನೋಡಿರಲಿಲ್ಲ. ಉಡುಪಿ ಕಡೆಯವರು, ಪಿಸ್ಕಾಟವೇಯಲ್ಲಿ ಟೆಲಿಫೋನ್ ಕಂಪನಿಯ ಇಂಜಿನಿಯರು. ಯಾವ ಯಂತ್ರ ಕಂಡರೂ ಬಿಚ್ಚದೆ ಬಿಡುವವರಲ್ಲ. "ಹೆದರ್ಬೇಡಿ ಅಕ್ಕ, ಕಾರಿಗೆ ಎಂತ ಗೊತ್ತುಂಟು? ಕೀ ತಿರುಗಿಸಿದ್ರೆ ಹೋಗ್ತದೆ" ಅಂದಿದ್ದರು.

ಕಾರಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತಿದೆ. ಫೆಬ್ರವರಿ ಹದಿನೇಳರ ಬೆಳಿಗ್ಗೆ ಫೋರ್ಟ್ ಲೀಯ ಆಫೀಸು ತಲುಪಿ, ಪಾರ್ಕಿಂಗ್ ಲಾಟಿನಲ್ಲಿ, ಇದೇ ಸೀಟಿನಲ್ಲಿ ಇವರು ಹೋದರು. ಆ ಸೀಟಿನಲ್ಲಿ ಕುಳಿತೆ. ಕಾಲು ಬ್ರೇಕಿಗೆ ಎಟುಕಲಿಲ್ಲ. ಕನ್ನಡಿಯಲ್ಲಿ ರಸ್ತೆಯ ಬದಲು ಕಾರಿನ ಒಳಛಾವಣಿ ಕಾಣುತ್ತಿತ್ತು. ಎರಡೂ ಇವರ ಎತ್ತರಕ್ಕೆ ಇದ್ದವು.

ಕೀಲಿ ತಿರುಗಿಸಿದೆ. ಮರುಕ್ಷಣವೇ ಗಂಡಸೊಬ್ಬ ಹಾಡತೊಡಗಿದ. ಹಾಡಿನ ಮೊದಲಿಂದಲ್ಲ, ಒಂದು ಪದದ ಅರ್ಧದಿಂದ. "...ಟೊ" ಎಂದು ಎಳೆದು, ಹಿಂದೆ ಪಿಟೀಲು, ಮುಂದೆ ಯಾವುದೋ ಭಾಷೆ. ಕಾರಿನಿಂದ ಇಳಿದು ಲಾಂಡ್ರಿ ರೂಮಿನವರೆಗೆ ಓಡಿಬಿಟ್ಟೆ. ಮಂಜರಿ ಬಂದು ನೋಡಿ, "ಅಮ್ಮ, ರಿಲ್ಯಾಕ್ಸ್. ಇಟ್ಸ್ ಜಸ್ಟ್ ಎ ಟೇಪ್" ಅಂದಳು. ಹದಿನೈದು ವರ್ಷದ ಹುಡುಗಿ ನನಗೆ ಧೈರ್ಯ ಹೇಳುವ ಹಾಗಾಯಿತು.

ಕ್ಯಾಸೆಟ್ಟು ಹೊರಗೆ ಬರುವುದಿಲ್ಲ. ಬೇಸಿಗೆಯ ಸೆಕೆಗೆ ಒಳಗೆ ಏನೋ ಕರಗಿ ಹಿಡಿದುಕೊಂಡಿದೆಯಂತೆ. ಆರಿಸುವ ಗುಂಡಿಯೂ ಮುರಿದಿದೆ. ಕೀಲಿ ತಿರುಗಿಸಿದರೆ ಹಾಡು, ಕೀಲಿ ತೆಗೆದರೆ ಮೌನ.

ಅಕ್ಟೋಬರ್ 14, ಶನಿವಾರ

ಇವತ್ತು ಮೊದಲ ಸಲ ಒಬ್ಬಳೇ ಪಿಸ್ಕಾಟವೇಗೆ ಸಂಗೀತ ಪಾಠ ಹೇಳಲು ಹೋಗಿಬಂದೆ. ರೂಟ್ ಒನ್ ಹೆದ್ದಾರಿ ಪೂರ್ತಿ ಟೇಪಿನ ಆ ಮನುಷ್ಯ ನನ್ನ ಜೊತೆ ಇದ್ದ.

ಜಪಾನಿ ಹಾಡು. ಅದರಲ್ಲಿ "ಕ್ಯೋಟೊ" ಎಂಬ ಒಂದು ಪದ ಮಾತ್ರ ನನಗೆ ತಿಳಿಯುತ್ತದೆ. ಮುಗಿದ ಮೇಲೆ ಚಪ್ಪಾಳೆ, ಗಾಜಿನ ಲೋಟಗಳ ಸದ್ದು, ಮತ್ತೆ ಅದೇ ಹಾಡು. ಇವರ ಆಫೀಸಿನವರು ಯಾರೋ ಕೊಟ್ಟಿರಬೇಕು. ರಾಗ ಹೆಚ್ಚು ಕಡಿಮೆ ಶಿವರಂಜನಿ, ಧೈವತ ಮಾತ್ರ ಶುದ್ಧ. ಆ ಒಂದು ಸ್ವರವನ್ನು, ಆ ಧೈವತವನ್ನು, ಈ ಮಹಾನುಭಾವ ಒಂದು ಸಲವೂ ಸರಿಯಾಗಿ ಮುಟ್ಟುವುದಿಲ್ಲ. ಪ್ರತಿ ಸಲ ಒಂದು ಕೂದಲೆಳೆಯಷ್ಟು ಕೆಳಗೆ. ಇಂಥವನನ್ನು ಮೈಕಿನ ಮುಂದೆ ನಿಲ್ಲಿಸಿದವರು ಯಾರೋ, ಚಪ್ಪಾಳೆ ತಟ್ಟಿದವರಿಗೆ ಕಿವಿ ಇತ್ತೋ ಇಲ್ಲವೋ.

ಪಾಠದಲ್ಲಿ ಪಂಚಾಕ್ಷರಯ್ಯನವರ ಮಗಳು ಸರಳೆ ವರಸೆಯಲ್ಲೇ ಹೊರಳಾಡಿದಳು. ಎರಡು ವರ್ಷದಿಂದ ಇದೇ ಪಾಡು. ತಂದೆ ಕರೆದೊಯ್ಯಲು ಬಂದಾಗ ನೇರವಾಗಿ ಹೇಳಿದೆ.

"ನಿಮ್ಮ ಮಗಳಿಗೆ ಶ್ರುತಿ ನಿಲ್ಲಲ್ಲ. ಟೆನಿಸ್ ಗಿನಿಸ್ ಏನಾದ್ರೂ ಕಲಿಸಿ."

"ಅವ್ಳಿಗೆ ಹಾಡೋದಂದ್ರೆ ಭಾಳ ಇಷ್ಟ, ಮೇಡಮ್" ಅಂದರು.

"ಇಷ್ಟ ಇದ್ರೆ ಸಾಲ್ದಲ್ಲ."

ಹುಡುಗಿ ಬೂಟು ಹಾಕಿಕೊಳ್ಳುತ್ತ ಕೇಳಿಸಿಕೊಂಡಳು. ಇರುವುದನ್ನು ಇದ್ದ ಹಾಗೆ ಹೇಳುವುದೇ ಗುರುವಿನ ಕೆಲಸ. ಹೊರಡುವಾಗ ಅವರ ಜೊತೆ ಬಂದಿದ್ದ ಹೆಂಡತಿ, "ಅಂಕಲ್ ಇದ್ದಾಗ ಎಷ್ಟು ಚಳಿ ಇದ್ರೂ ಕಾರಲ್ಲೇ ಕೂತಿರೋರು, ಒಳಗೆ ಬರ್ತಾನೇ ಇರಲಿಲ್ಲ" ಅಂದರು. ಹೌದು. ಪ್ರತಿ ಶನಿವಾರ ನನ್ನನ್ನು ಬಿಟ್ಟು, ಎರಡು ಗಂಟೆ ಕಾರಿನಲ್ಲೇ ಕಾಯುತ್ತಿದ್ದರು. ಒಳಗೆ ಬನ್ನಿ ಎಂದರೆ "ನನಗೆ ಹಾಡು ಗೀಡು ಆಗಲ್ಲ, ನೀನು ಹೋಗು" ಅನ್ನುತ್ತಿದ್ದರು.

ಅಕ್ಟೋಬರ್ 29

ದೀಪಾವಳಿ. ದೀಪ ಹಚ್ಚಲಿಲ್ಲ.

ನವೆಂಬರ್ 8, ಬುಧವಾರ

ಒಂದು ಭಯ ಹಿಡಿದಿದೆ. ಇವರ ಧ್ವನಿ ಮರೆತುಹೋಗುತ್ತಿದೆ.

ಫೋಟೋಗಳು ನಾಲ್ಕು ಆಲ್ಬಮ್ ಇವೆ. ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. "ಕೌಸಲ್ಯಾ, ಕೀ ಎಲ್ಲಿಟ್ಟೆ?" ಎಂದು ಕೇಳುತ್ತಿದ್ದದ್ದು ನೆನಪಿದೆ, ಆದರೆ ಅದನ್ನು ಈಗ ಮನಸ್ಸಿನಲ್ಲಿ ಹೇಳಿಕೊಂಡರೆ ನನ್ನದೇ ಧ್ವನಿಯಲ್ಲಿ ಕೇಳಿಸುತ್ತದೆ. ಆನ್ಸರಿಂಗ್ ಮೆಶೀನಿನಲ್ಲಿ ಇರುವುದು ಮಂಜರಿಯ ಮಾತು. ವೀಡಿಯೋ ಕ್ಯಾಮೆರಾ ಕೊಳ್ಳೋಣ ಎಂದು ಇವರು ಎರಡು ಸಲ ಹೇಳಿದ್ದರು, ನಾನೇ ಬೇಡವೆಂದೆ. ಮೈಸೂರಿನ ಮೈದುನ ರಾಘವೇಂದ್ರನಿಗೆ ಬರೆದು ಕೇಳಿದೆ. ಅಲ್ಲಿಯೂ ಇಲ್ಲವಂತೆ. ಇಪ್ಪತ್ತೊಂದು ವರ್ಷ ಕೇಳಿದ ಧ್ವನಿ ಈ ಭೂಮಿಯ ಮೇಲೆ ಎಲ್ಲೂ ಉಳಿದಿಲ್ಲ.

ಯಾರೆಂದೇ ಗೊತ್ತಿಲ್ಲದ ಜಪಾನಿಯ ಧ್ವನಿ ಮಾತ್ರ ದಿನಾ ಎರಡು ಹೊತ್ತು ಕೇಳಬೇಕು. ಇದಕ್ಕಿಂತ ಅನ್ಯಾಯ ಇದೆಯೇ?

ನವೆಂಬರ್ 23, ಗುರುವಾರ

ಥ್ಯಾಂಕ್ಸ್‌ಗಿವಿಂಗ್. ಶೀನ ಮತ್ತು ಅವರ ಹೆಂಡತಿ ಸುಗಂಧಿ ಊಟಕ್ಕೆ ಕರೆದಿದ್ದರು. ನೀರ್ ದೋಸೆ ತಿನ್ನುತ್ತ ಸುಗಂಧಿ ತನ್ನ ಮದುವೆಯ ಕಥೆ ಹೇಳಿದಳು. ನನಗೆ ನನ್ನ ಉರುಟಣೆ ನೆನಪಾಯಿತು. ಮದುವೆಯ ಸಂಜೆ ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ ಅರಿಶಿನ ಹಚ್ಚಿಸುತ್ತಾರೆ. ಹಾಡು ಹೇಳದೆ ಮುಂದಕ್ಕೆ ಬಿಡುವುದಿಲ್ಲ. ನನ್ನ ಸರದಿಯಲ್ಲಿ ನಾನು ಹಾಡಿದೆ, ಇಡೀ ಛತ್ರ ಸುಮ್ಮನಾಯಿತು. ಆಗಲೇ ಕಚೇರಿ ಮಾಡಿದ್ದವಳು, ಕೊಬ್ಬೂ ಇತ್ತು. ಆಮೇಲೆ ಇವರನ್ನು ಒತ್ತಾಯ ಮಾಡಿದರು. ಇವರು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ದೇವರನಾಮವೊಂದನ್ನು ಎರಡು ಸಾಲು ಹಾಡಿದರು.

ನಾನು ನಕ್ಕುಬಿಟ್ಟೆ. ಸುಮ್ಮನೆ ನಗಲಿಲ್ಲ. "ಶ್ರುತಿ ಬಾವಿಗೆ ಬಿತ್ತು, ಹಗ್ಗ ತನ್ನಿ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಇವರೂ ನಕ್ಕರು.

ಆಮೇಲೆ ಇವರು ಹಾಡಿದ್ದನ್ನು ನಾನು ಕೇಳಿಲ್ಲ. ಮಗುವನ್ನು ಮಲಗಿಸುವಾಗಲೂ ಹಾಡದೆ ಬೆನ್ನು ತಟ್ಟುತ್ತಿದ್ದರು. ಇದೇನು ದೊಡ್ಡ ವಿಷಯವೇ? ಎಷ್ಟೋ ಗಂಡಸರು ಹಾಡುವುದಿಲ್ಲ.

ಡಿಸೆಂಬರ್ 6, ಬುಧವಾರ

ಮಂಜರಿ ಸ್ಕೂಲಿನ ಲೈಬ್ರರಿಯಲ್ಲಿ ಕ್ಯೋಟೊ ಬಗ್ಗೆ ಓದಿಕೊಂಡು ಬಂದಿದ್ದಾಳೆ. ಸಾವಿರ ವರ್ಷ ರಾಜಧಾನಿಯಾಗಿತ್ತಂತೆ, ಊರ ತುಂಬ ದೇವಸ್ಥಾನಗಳಂತೆ. "ಲೈಕ್ ಮೈಸೂರ್, ಬಟ್ ಓಲ್ಡರ್" ಅಂದಳು. ಕಾರಿನಲ್ಲಿ ಆ ಹಾಡು ಬಂದರೆ ಅವಳೀಗ ಬಾಯಿ ಆಡಿಸುತ್ತಾಳೆ. ತಾಯಿ ಸಂಗೀತ ಕಲಿಸುತ್ತೇನೆಂದರೆ ಐದನೇ ವಯಸ್ಸಿಗೇ ಕೈ ಮುಗಿದ ಹುಡುಗಿ.

ಟೇಪಿನಲ್ಲಿ ಅದೇ ಹಾಡು ಎಂಟು ಸಲ ಇದೆ. ಎಂಟೂ ಬೇರೆ ಬೇರೆ ದಿನದ್ದು. ಮೊದಲನೆಯದರಲ್ಲಿ ತಾಳವೂ ತಪ್ಪಿದೆ. ಮೂರನೆಯದರ ಹೊತ್ತಿಗೆ ತಾಳ ಸರಿಯಾಗುತ್ತದೆ, ಐದರಲ್ಲಿ ಎಳೆಯಬೇಕಾದ ಕಡೆ ಎಳೆಯುತ್ತಾನೆ. ಎಂಟನೆಯದರಲ್ಲಿ ಎಲ್ಲ ಚೆನ್ನಾಗಿದೆ, ಆ ಧೈವತ ಒಂದು ಬಿಟ್ಟು. ಪಾಪ, ಎಷ್ಟು ಕಷ್ಟಪಡುತ್ತಾನೆ. ನನ್ನ ಹತ್ತಿರ ಬಂದಿದ್ದರೆ ಒಂದು ತಿಂಗಳಲ್ಲಿ ಸರಿ ಮಾಡುತ್ತಿದ್ದೆ.

ಹಾಲು ತರಲು ಹೋದವಳು ದಾರಿ ತಪ್ಪಿ ಪ್ರಿನ್ಸ್‌ಟನ್ ತನಕ ಹೋಗಿಬಿಟ್ಟಿದ್ದೆ. ಹಾಲು ಮರೆತೇ ಬಂದೆ.

ಡಿಸೆಂಬರ್ 19, ಮಂಗಳವಾರ

ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ಐದನೆಯ ಮತ್ತು ಆರನೆಯ ಹಾಡಿನ ನಡುವೆ ಆ ಮನುಷ್ಯ ಗಂಟಲು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ಉಸಿರು ಎಳೆದುಕೊಳ್ಳುತ್ತಾನೆ. ಇವತ್ತು ಐಸೆಲಿನ್ನಿನಿಂದ ಸಾಮಾನು ತರುವಾಗ, ಸಿಗ್ನಲ್ಲಿನಲ್ಲಿ ನಿಂತಿದ್ದೆ. ಆ ಸದ್ದು ಬಂತು. ನಾನು ಪಕ್ಕದ ಸೀಟಿಗೆ ತಿರುಗಿ "ಶೀತ ಆಗಿದ್ಯಾ?" ಎಂದು ಕೇಳಿದೆ.

ಪಕ್ಕದಲ್ಲಿ ಅಕ್ಕಿ ಮೂಟೆ ಇತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಹೊರಟೆ. ಸತ್ತವರ ಕಾರು ಓಡಿಸಬಾರದಿತ್ತು ಎಂದು ನಮ್ಮಮ್ಮ ಇದ್ದಿದ್ದರೆ ಅನ್ನುತ್ತಿದ್ದಳು.

ಜನವರಿ 4, 1990, ಗುರುವಾರ

ಅಂಚೆಯಲ್ಲಿ ಹೊಸ ಡೈರಿ ಬಂತು. ಅದೇ ನೀಲಿ ರಟ್ಟು. ಲಕೋಟೆಯ ಮೇಲೆ ಇವರ ಹೆಸರು, ಜಯರಾಮು, ಅಚ್ಚುಕಟ್ಟಾಗಿ ಟೈಪು ಮಾಡಿದ್ದಾರೆ. ಆಫೀಸಿನ ಯಾವುದೋ ಪಟ್ಟಿಯಲ್ಲಿ ಇವರಿನ್ನೂ ಇದ್ದಾರೆ. ಬಹಳ ಹೊತ್ತು ಲಕೋಟೆ ಒಡೆಯದೆ ಕೈಯಲ್ಲಿ ಹಿಡಿದುಕೊಂಡಿದ್ದೆ.

ಇವತ್ತಿನಿಂದ ಅದರಲ್ಲೇ ಬರೆಯುತ್ತಿದ್ದೇನೆ. ಇದರಲ್ಲಿ ಇವರ ಕೈಬರಹ ಎಲ್ಲೂ ಇಲ್ಲ.

ಜನವರಿ 20, ಶನಿವಾರ

ಆಗಬಾರದ್ದು ಆಯಿತು. ದೊಡ್ಡ ಹುಡುಗಿಯರ ಪಾಠದಲ್ಲಿ ತೋಡಿ ಹೇಳಿಕೊಡುತ್ತಿದ್ದೆ. ತಂಬೂರಿ ನುಡಿಯುತ್ತಲೇ ಇತ್ತು. ಧೈವತದ ಮೇಲೆ ನಿಂತೆ. ಒಬ್ಬಳು ಮೆಲ್ಲಗೆ, "ಆಂಟಿ, ಐ ಥಿಂಕ್ ದಟ್ ವಾಸ್ ಎ ಲಿಟಲ್ ಲೋ" ಅಂದಳು. ಮಿಕ್ಕವರು ನೆಲ ನೋಡಿದರು. ಮತ್ತೆ ಹಾಡಿದೆ. ಮತ್ತೆ ಕೆಳಗೆ. ಎಷ್ಟು ಕೆಳಗೆ ಎಂದು ನನಗೆ ಚೆನ್ನಾಗಿ ಗೊತ್ತು, ಸರಿಯಾಗಿ ಅವನಷ್ಟೇ ಕೆಳಗೆ.

ಏಳನೇ ವಯಸ್ಸಿನಿಂದ ನನ್ನ ಶ್ರುತಿ ಯಾರೂ ತಿದ್ದಿರಲಿಲ್ಲ. ಗಂಡ ಹೋದರು, ಊರು ಹೋಯಿತು, ಕಚೇರಿಗಳು ಎಂದೋ ಹೋದವು. ನನ್ನದು ಎಂದು ಉಳಿದಿರುವುದು ಇದೊಂದೇ. ಅದನ್ನೂ ಈ ಟೇಪು ತಿಂದರೆ ನಾನು ಯಾರು?

ಮನೆಗೆ ಬಂದು ಆ ಹಾಡಿಗೆ ಸ್ವರ ಹಾಕಿ ಪುಸ್ತಕದಲ್ಲಿ ಬರೆದೆ, ಎಲ್ಲ ಸಾಲು, ಅರ್ಥವಿಲ್ಲದ ಆ ಪದಗಳ ಸಮೇತ. ಬರೆದು ಹೊರಗೆ ಹಾಕಿದರೆ ತಲೆಯಿಂದ ಇಳಿಯುತ್ತದೆ ಎಂದು. ಧೈವತದ ಕೆಳಗೆ, ಅವನು ಎಷ್ಟು ಇಳಿಸುತ್ತಾನೋ ಅಷ್ಟಕ್ಕೆ ಒಂದು ಗುರುತನ್ನೂ ಹಾಕಿದೆ. ಯಾಕೆ ಹಾಕಿದೆನೋ.

ಇಳಿಯಲಿಲ್ಲ. ಅನ್ನ ಬಸಿಯುವಾಗಲೂ ಅದೇ ಹಾಡು. ವರ್ಷಾಂತಿಕ ಮುಗಿದ ಮರುದಿನವೇ ಇದನ್ನು ಕಿತ್ತು ಬಿಸಾಡಿಸುತ್ತೇನೆ. ಇದು ನಿಶ್ಚಯ.

ಜನವರಿ 27, ಶನಿವಾರ

ಪಂಚಾಕ್ಷರಯ್ಯನವರಿಗೆ ಫೋನ್ ಮಾಡಿ ಮಗಳನ್ನು ಮತ್ತೆ ಕಳಿಸಿ ಎಂದೆ. "ಟೆನಿಸ್ ಸೇರಿಸಿಬಿಟ್ವಲ್ಲ ಮೇಡಮ್" ಅಂದರು. ಎರಡೂ ಕಲಿಯಲಿ, ಏನಾಯಿತು? ತರಗತಿಯಲ್ಲಿ ಒಂದು ಜಾಗ ಖಾಲಿ ಇತ್ತು, ಅಷ್ಟೆ.

ಫೆಬ್ರವರಿ 7, ಬುಧವಾರ

ತಿಥಿಯ ಪ್ರಕಾರ ಇವತ್ತಿಗೆ ವರ್ಷವಾಯಿತು. ಮೈಸೂರಿನಲ್ಲಿ ರಾಘವೇಂದ್ರ ವರ್ಷಾಂತಿಕ ಮಾಡಿ ಮುಗಿಸಿ ಫೋನ್ ಮಾಡಿದ. "ಎಲ್ಲ ಸಾಂಗವಾಗಿ ಆಯ್ತು ಅತ್ತಿಗೆ. ಇನ್ನು ಅಣ್ಣ ಪಿತೃಗಳ ಸಾಲಿಗೆ ಸೇರಿದ" ಅಂದ. ಇಲ್ಲಿ ನಾನು ಇವರ ಫೋಟೋ ಮುಂದೆ ದೀಪ ಹಚ್ಚಿ, ಇವರಿಗೆ ಇಷ್ಟವಾದ ಗೊಜ್ಜವಲಕ್ಕಿ ಮಾಡಿಟ್ಟೆ. ಮಂಜರಿ ಸ್ಕೂಲಿಗೆ ಹೋಗದೆ ಮನೆಯಲ್ಲೇ ಇದ್ದಳು.

ವರ್ಷ ಕಳೆಯಿತು. ಇನ್ನು ಕಾರು ಶುದ್ಧವಾಗಬೇಕು.

ಫೆಬ್ರವರಿ 10, ಶನಿವಾರ

ಬೆಳಿಗ್ಗೆ ಕಾರನ್ನು ಶೀನ ಅವರ ಮನೆಗೆ ಒಯ್ದೆ. ನಾಲ್ಕೇ ಮನೆ ದೂರ. ಆದರೂ ಟ್ರಾಫಿಕ್ ಇಲ್ಲದ ಹೊತ್ತಲ್ಲವೇ ಎಂದು ರೂಟ್ ಟ್ವೆಂಟಿ ಸೆವೆನ್ ಮೇಲೆ ಹೋಗಿ, ಸುತ್ತು ಹಾಕಿಕೊಂಡು, ಎಂಟೂ ಹಾಡು ಮುಗಿಯುವ ಹೊತ್ತಿಗೆ ಅವರ ಡ್ರೈವ್‌ವೇಗೆ ತಂದು ನಿಲ್ಲಿಸಿದೆ.

ಶೀನ ಟಾರ್ಚು ಬಿಟ್ಟು ನೋಡಿದರು. "ಅಕ್ಕ, ಮುರಿದು ತೆಗೆದ್ರೆ ಐದು ನಿಮಿಷದ ಕೆಲಸ. ಕ್ಯಾಸೆಟ್ ಹಾಳಾಗದ ಹಾಗೆ ತೆಗೀಬೇಕಾದ್ರೆ ಮಧ್ಯಾಹ್ನ ಪೂರ್ತಿ ಬೇಕು. ನಂಗೆ ತೊಂದ್ರೆ ಇಲ್ಲ ಮಾರಾಯ್ರೆ, ಇವತ್ತು ರಜೆಯೇ."

"ಮುರಿದೇ ತೆಗೀರಿ."

"ಭಾವನವರದ್ದಲ್ವಾ? ಇಟ್ಕೊಳ್ಳೋದು ಬೇಡ್ವಾ?"

"ಯಾರದೋ ಹಾಡು ಕಟ್ಕೊಂಡು ನಾನೇನು ಮಾಡ್ಲಿ? ಬಿಸಾಡಿ ಶೀನ."

ನಾನು ಒಳಗೆ ಸುಗಂಧಿಯ ಜೊತೆ ಕಾಫಿ ಕುಡಿಯುತ್ತಿರುವಾಗ ಗ್ಯಾರೇಜಿನಿಂದ ಪ್ಲಾಸ್ಟಿಕ್ ಮುರಿದ ಸದ್ದು ಬಂತು. ಕೈಯಲ್ಲಿದ್ದ ಕಾಫಿ ಸೀರೆಯ ಮೇಲೆ ಚೆಲ್ಲಿತು. ಹೊರಗೆ ಬಂದಾಗ ಕಸದ ಡಬ್ಬಿಯ ಅಂಚಿನಿಂದ ಕಂದು ಬಣ್ಣದ ಟೇಪು ಒಂದು ಮೊಳ ಜೋತಾಡುತ್ತಿತ್ತು. ಶೀನ ಅದನ್ನು ಒಳಗೆ ತುರುಕಿ ಮುಚ್ಚಳ ಹಾಕಿದರು. ಡ್ಯಾಶ್‌ಬೋರ್ಡಿನಲ್ಲಿ ಈಗ ಒಂದು ಚೌಕದ ತೂತು. ಹೊಸ ರೇಡಿಯೋ ತಂದು ಹಾಕುತ್ತಾರಂತೆ.

ಮನೆಗೆ ಬರುವಾಗ ಕಾರಿನಲ್ಲಿ ಸದ್ದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಫೆಬ್ರವರಿ 11

ನಿದ್ದೆ ಬರಲಿಲ್ಲ.

ಫೆಬ್ರವರಿ 13, ಮಂಗಳವಾರ

ಬೆಳಿಗ್ಗೆ ಫೋನ್ ಬಂತು. ಇವರ ಆಫೀಸಿನ ನಿಶಿಮುರಾ. ಅಂತ್ಯಕ್ರಿಯೆಯ ದಿನ ಬಾಗಿ ನಮಸ್ಕರಿಸಿದ ವಯಸ್ಸಾದ ಮನುಷ್ಯ ಎಂದು ನೆನಪು. ಅವರು ಏನೋ ಹೇಳುತ್ತಿದ್ದಾಗ ಬೀದಿಯಲ್ಲಿ ಕಸದ ಟ್ರಕ್ಕು ಬಂದು ಒಂದೇ ಗಲಾಟೆ. "ಒಂದು ನಿಮಿಷ ತಡೀರಿ" ಎಂದು, ಟ್ರಕ್ಕು ಶೀನ ಅವರ ಮನೆ ದಾಟಿ ಹೋಗುವವರೆಗೆ ಕಾದೆ. ಆಮೇಲೆ ಹೇಳಿದರು: ಹದಿನೇಳಕ್ಕೆ ಒಂದು ವರ್ಷವಾಗುತ್ತದೆ, ಅವರಲ್ಲಿ ಮೊದಲ ವರ್ಷದ ದಿನ ಮನೆಗೆ ಬಂದು ಧೂಪ ಹಚ್ಚುವ ಪದ್ಧತಿ, ಬರಬಹುದೇ?

ನಮ್ಮದು ಏಳನೇ ತಾರೀಖೇ ಮುಗಿಯಿತು ಎಂದು ಬಾಯಿತನಕ ಬಂತು. ಅವರ ಲೆಕ್ಕ ಅವರದು. ಬನ್ನಿ ಎಂದೆ.

ಫೆಬ್ರವರಿ 17, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿಶಿಮುರಾ ಹನ್ನೊಂದಕ್ಕೆ ಬಂದರು. ಕಪ್ಪು ಸೂಟು, ಬಟ್ಟೆಯಲ್ಲಿ ಕಟ್ಟಿದ ಹಣ್ಣು. ಬೂಟು ಬಿಚ್ಚಿ, ಇವರ ಫೋಟೋ ಮುಂದೆ ಮಂಡಿಯೂರಿ ಧೂಪ ಹಚ್ಚಿದರು. ಬಹಳ ಹೊತ್ತು ಕೈ ಮುಗಿದು ಕುಳಿತಿದ್ದರು. ಮಂಜರಿ ಕಾಫಿ ತಂದಿಟ್ಟಳು. ಅವರು ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಮಾತಾಡಿದರು. ಮುಂದಿನ ವಾರ ನಿವೃತ್ತರಾಗಿ ಊರಿಗೆ ಹೋಗುತ್ತಾರಂತೆ.

"ಯಾವ ಊರು?" ಎಂದೆ.

"ಕ್ಯೋಟೊ. ಜೇ-ಸಾನ್ ಹಾಡುತ್ತಿದ್ದರಲ್ಲ, ಆ ಊರು."

ಇವರನ್ನು ಅಲ್ಲಿ ಎಲ್ಲರೂ ಜೇ-ಸಾನ್ ಎಂದೇ ಕರೆಯುತ್ತಿದ್ದರು. ನನಗೆ ಅರ್ಥವಾಗಲಿಲ್ಲ. ಇವರು ಹಾಡುತ್ತಿರಲಿಲ್ಲ ಎಂದೆ. ಅವರು ಜೇಬಿನಿಂದ ಒಂದು ಫೋಟೋ ತೆಗೆದರು. ಇವರು. ಟೈ ಸಡಿಲಿಸಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮೈಕು ಹಿಡಿದು.

ಫೋರ್ಟ್ ಲೀಯಲ್ಲಿ ಒಂದು ಚಿಕ್ಕ ಜಪಾನಿ ಹೋಟೆಲು ಇತ್ತಂತೆ. ವಾದ್ಯದ ಟೇಪು ಹಾಕಿ ಗಿರಾಕಿಗಳಿಗೇ ಹಾಡಲು ಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಇವರ ತಂಡ ಅಲ್ಲಿಗೆ ಹೋಗುತ್ತಿತ್ತು. "ನಮ್ಮಲ್ಲಿ ಕ್ಯೋಟೊ ಮೇಲೆ ನೂರಾರು ಹಾಡು. ಟೋಕಿಯೋದಲ್ಲಿ ಮನಸ್ಸು ಮುರಿದವರೆಲ್ಲ ಹಾಡಿನಲ್ಲಿ ಕ್ಯೋಟೊಗೆ ಹೋಗುತ್ತಾರೆ. ಮಳೆ, ನದಿ, ಸೇತುವೆ, ಗಂಟೆ. ಆ ಊರಿನಲ್ಲಿ ಹುಟ್ಟಿದ ನಮಗೆ ನಗು ಬರುತ್ತದೆ. ಆದರೆ ನಾನು ಮನೆ ಬಿಟ್ಟು ಬಂದು ಒಂಬತ್ತು ವರ್ಷ. ನನ್ನ ಮುಖ ನೋಡಿ ಜೇ-ಸಾನ್ ಒಂದು ಹಾಡು ಕಲಿತರು, ನನಗೋಸ್ಕರ. ಆಮೇಲೆ ಬಿಡಲೇ ಇಲ್ಲ. ಪ್ರತಿ ಸಲ ಹೋಟೆಲಿನವನು ಅದನ್ನು ಒಂದೇ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಕೊಡುತ್ತಿದ್ದ."

"ಎಂಟು ಸಲ" ಎಂದೆ.

"ಹೌದು, ಎಂಟು. ನೀವು ಕೇಳಿದ್ದೀರಾ?" ಅವರ ಮುಖ ಅರಳಿತು. "ಹಾಗಾದರೆ ನಾನು ಹೇಳಬಹುದು. ಅವರು ಹೇಳುತ್ತಿದ್ದರು, ನನ್ನ ಹೆಂಡತಿ ದೊಡ್ಡ ಗಾಯಕಿ, ಮನೆಯಲ್ಲಿ ನಾನು ಹಾಡುವುದಿಲ್ಲ. ಶನಿವಾರ ಅವಳು ಪಾಠ ಮಾಡುವಾಗ ಹೊರಗೆ ಕಾರಿನಲ್ಲಿ ಅಭ್ಯಾಸ ಮಾಡುತ್ತೇನೆ. ಒಂದು ಸ್ವರ ಮಾತ್ರ ಬರುತ್ತಿಲ್ಲ. ಅದು ಬಂದ ದಿನ ಅವಳ ಎದುರಿಗೆ ಹಾಡುತ್ತೇನೆ ಎಂದು."

ಮಂಜರಿ ನನ್ನ ಕೈ ಹಿಡಿದುಕೊಂಡಳು.

ಆ ಬೆಳಿಗ್ಗೆ ಇವರನ್ನು ಮೊದಲು ಕಂಡವರು ನಿಶಿಮುರಾ ಅಂತೆ. ಇಂಜಿನ್ ಓಡುತ್ತಿತ್ತು, ಟೇಪು ಹಾಡುತ್ತಿತ್ತು. "ಡಾಕ್ಟರು ಬರುವ ಮುಂಚೆ ನಾನೇ ಕೀಲಿ ತೆಗೆದೆ. 'ಕ್ಯೋ' ಅಂದಿತ್ತು. ಅಲ್ಲಿಗೆ ನಿಂತಿತು. ಒಂದು ವರ್ಷದಿಂದ ಅದು ನನ್ನ ಕಿವಿಯಲ್ಲೇ ಇದೆ. ಮುಂದಿನದನ್ನು ಒಂದು ಸಲ ಕೇಳಿಕೊಂಡು ಊರಿಗೆ ಹೋಗಬೇಕು ಎಂದು ಆಸೆ. ಆ ಕ್ಯಾಸೆಟ್ ಹಾಕುತ್ತೀರಾ?"

ಅದೊಂದೇ ಪ್ರತಿಯೇ ಎಂದು ಕೇಳಿದೆ. ಒಂದೇ. ಹೋಟೆಲು ಮುಚ್ಚಿ ಆರು ತಿಂಗಳಾಯಿತು.

ನಾನು ಚಪ್ಪಲಿ ಕೂಡ ಹಾಕದೆ ಹಿಮದ ಮೇಲೆ ಶೀನ ಅವರ ಮನೆಗೆ ಓಡಿದೆ. ಡಬ್ಬಿ ಖಾಲಿ ಎಂದು ಗೊತ್ತಿತ್ತು. ಆ ಟ್ರಕ್ಕು ದಾಟಿ ಹೋಗಲಿ ಎಂದು ಫೋನು ಹಿಡಿದು ಕಾದವಳು ನಾನೇ ಅಲ್ಲವೇ? ಆದರೂ ಮುಚ್ಚಳ ತೆಗೆದು ನೋಡಿದೆ. ಶೀನ ಗ್ಯಾರೇಜಿನ ನೆಲವನ್ನೆಲ್ಲ ಟಾರ್ಚು ಹಿಡಿದು ಹುಡುಕಿದರು. ಕ್ಯಾಸೆಟ್ಟಿನ ಗಾಲಿಯ ಒಂದು ಚೂರು ಸಿಕ್ಕಿತು. "ನಂಗೆ ಗೊತ್ತಾಗ್ಲಿಲ್ಲ ಅಕ್ಕ, ನಾನು ಮೆಲ್ಲಗೆ ತೆಗೀಬೇಕಿತ್ತು" ಎಂದು ಅವರು ಅಳುವ ಹಾಗಾದರು. ಅವರದೇನು ತಪ್ಪು? ಇಟ್ಟುಕೊಳ್ಳುವುದು ಬೇಡವೇ ಎಂದು ಕೇಳಿದ್ದರು. ಒಂದು ವಾರ ತಡೆದಿದ್ದರೆ ಸಾಕಿತ್ತು. ನಮ್ಮ ತಿಥಿ ಮುಂಚೆ ಬಂತು, ನಿಶಿಮುರಾ ಅವರ ತಾರೀಖು ಆಮೇಲೆ ಬಂತು, ನಡುವೆ ಇವರ ಧ್ವನಿ ಹೋಯಿತು.

ನಾಲ್ಕು ತಿಂಗಳು ಇವರು ನನ್ನ ಕಿವಿಯ ಪಕ್ಕದಲ್ಲೇ ಹಾಡಿದರು. ಶ್ರುತಿ ಎಷ್ಟು ತಪ್ಪಿದೆ ಎಂದು ಅಳೆದೆ. ಧ್ವನಿ ಯಾರದು ಎಂದು ಕೇಳಿಸಿಕೊಳ್ಳಲಿಲ್ಲ.

ವಾಪಸು ಬಂದು ನಿಶಿಮುರಾಗೆ ನಿಜ ಹೇಳಿದೆ. ಪುಸ್ತಕದಲ್ಲಿ ನಾನು ಕನ್ನಡದಲ್ಲಿ ಬರೆದುಕೊಂಡಿದ್ದ ಪದಗಳನ್ನು ಓದಿದೆ. ಅವರು ಒಂದೊಂದು ಸಾಲಿಗೂ ತಲೆಯಾಡಿಸಿ ಅರ್ಥ ಹೇಳಿದರು. ಸೇತುವೆಯ ಮೇಲೆ ಮಳೆ ನಿಂತರೆ ಬರುತ್ತೇನೆ ಎಂದಿದ್ದೆ, ಕ್ಯೋಟೊದಲ್ಲಿ ಮಳೆ ನಿಂತಿದೆ, ನಾನು ಮಾತ್ರ ದಾರಿಯಲ್ಲೇ ಇದ್ದೇನೆ. ಅಷ್ಟೇ ಹಾಡು. ಹಾಡಿ ತೋರಿಸಲೇ ಎಂದುಕೊಂಡೆ. ಹಾಡದೆ ಪುಸ್ತಕ ಮುಚ್ಚಿದೆ.

ಅವರು ಹೋಗುವಾಗ ಫೋಟೋ ಬಿಟ್ಟು ಹೋದರು.

ಫೆಬ್ರವರಿ 18, ಭಾನುವಾರ

ಮಧ್ಯಾಹ್ನ ಗ್ಯಾರೇಜಿಗೆ ಹೋದೆ. ಬಾಗಿಲು ಎತ್ತಿದೆ. ಕಾರಿನಲ್ಲಿ ಕುಳಿತು ಸೀಟನ್ನು ಇವರ ಎತ್ತರಕ್ಕೆ ಹಿಂದಕ್ಕೆ ತಳ್ಳಿದೆ. ಮಂಜರಿ ಏನೂ ಕೇಳದೆ ಪಕ್ಕದಲ್ಲಿ ಬಂದು ಕೂತಳು.

ಕೀಲಿ ತಿರುಗಿಸಿದೆ. ಇಂಜಿನ್ನಿನ ಸದ್ದು ಮಾತ್ರ. ತೂತಿನೊಳಗೆ ನಾಲ್ಕು ವೈರು.

ಗಂಟಲು ಸರಿಮಾಡಿಕೊಂಡೆ. ನಿಶಿಮುರಾ ನಿಲ್ಲಿಸಿದ ಕಡೆಯಿಂದ ಹಿಡಿದೆ. "ಕ್ಯೋ" ಎಂದು ಎತ್ತಿ, "ಟೊ" ಎಂದು ಎಳೆದು ಸೇರಿಸಿದೆ. ಇವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲಿ ತೆಗೆದುಕೊಂಡೆ. ಸೇತುವೆ ಬಂತು, ಮಳೆ ನಿಂತಿತು. ಧೈವತ ಬಂತು. ಗಂಟಲು ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲಲು ನೋಡಿತು. ನಲವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಅಲ್ಲಿ ನಿಂತರೆ ಅದು ಬರೀ ಹಾಡು. ಹಿಡಿದು ಕೆಳಗಿಳಿಸಿದೆ, ಪುಸ್ತಕದಲ್ಲಿ ಗುರುತು ಹಾಕಿದಷ್ಟು, ಒಂದು ಕೂದಲೆಳೆ. ಅಲ್ಲಿ ಇವರು ಇದ್ದರು.

ಮುಗಿದ ಮೇಲೆ ಮಂಜರಿ, "ಅಮ್ಮ, ಯು ವರ್ ಫ್ಲ್ಯಾಟ್ ದೇರ್. ಜಸ್ಟ್ ಲೈಕ್ ಹಿಮ್" ಅಂದಳು.

"ಗೊತ್ತು ಮರಿ" ಎಂದೆ. "ಅದು ಅಲ್ಲೇ ಇರ್ಬೇಕು."

ಅವಳು ಕೈ ಚಾಚಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದಳು, ಇವರು ಇಟ್ಟುಕೊಳ್ಳುತ್ತಿದ್ದ ಹಾಗೆ. ಆಮೇಲೆ ನನ್ನ ಭುಜಕ್ಕೆ ತಲೆಯಿಟ್ಟು, ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ, "ಇನ್ನೊಂದ್ಸಲ ಹಾಡಮ್ಮ" ಅಂದಳು.